ಚಿಕ್ಕಮ್ಮನ ಹುಲ್ಲೆ, ಊರಿನವರ ಹುಲಿ

ಹಿಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು, ಅಕ್ಕಸಾಲಿಗರು ಮೂಗುಬೊಟ್ಟು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ? ನಾನು ಅಂಥವರ ಮನೆಯಲ್ಲಿ ಒಂದು ವರ್ಷ ಊಟ ಮಾಡಿದ್ದೇನೆ!

ಅವರು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಶಿಡ್ಲಘಟ್ಟದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಡಿಗ್ರಿ ಮುಗಿಸಿ, ಟೈಪಿಂಗ್ ಕಲಿಯುವ ನೆಪದಲ್ಲಿ ಚಿಂತಾಮಣಿಯಿಂದ ಹೋಗಿ ಅವರ ಮನೆ ಸೇರಿಕೊಂಡಿದ್ದೆ. ಮೊದಲ ದಿನವೇ ಸ್ಟೌ ಹಚ್ಚಲು ಬೆಂಕಿಪೊಟ್ಟಣ ತೆಗೆದರೆ ಒಳಗೆ ಕಡ್ಡಿಯ ಬದಲು ಕಪ್ಪು ಉಂಡೆಗಳು! "ಚಿಕ್ಕಮ್ಮಾ!" ಎಂದು ಕಿರುಚಿದೆ.

"ಅದು ಮೊಲದ್ದು ಕಣೇ, ಜೋಪಾನ. ಪಕ್ಕದ್ದು ಕುರೀದು. ಅದರಾಚೆ ಹಲ್ಲೀದು. ನಾಲ್ಕನೇ ಪೊಟ್ಟಣದಲ್ಲಿ ಕಡ್ಡಿ ಇದೆ ನೋಡು," ಎಂದರು ಒಳಗಿನಿಂದ, ತೀರಾ ಸಹಜವಾಗಿ.

ಚಿಕ್ಕಪ್ಪ ಮಾತ್ರ ಸದ್ದಿಲ್ಲದೆ ಒಂದು ಲೈಟರ್ ಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅವರ ದಾಂಪತ್ಯ ಸುಖವಾಗಿರುವುದರ ಗುಟ್ಟು ನನಗೆ ಅವತ್ತೇ ತಿಳಿಯಿತು.

ಚಿಕ್ಕಮ್ಮನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ಬಂಗಾರದ ಬಳೆಯಲ್ಲ, ಸೈಟಲ್ಲ. ತಮ್ಮ ಏಳನೇ ತರಗತಿಯ ಮಕ್ಕಳನ್ನು ಒಂದು ಸಲ, ಒಂದೇ ಒಂದು ಸಲ, ಗೌರಿಬಿದನೂರು ದಾಟಿ ಮುಂದೆ ಅರಣ್ಯ ಇಲಾಖೆಯವರು ಕೃಷ್ಣಮೃಗಗಳಿಗೆಂದೇ ಬಿಟ್ಟಿದ್ದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಬೇಕು! ಶಾಲೆಯ ಮಾಮೂಲಿ ಪ್ರವಾಸ ಹೇಗಿತ್ತು ಗೊತ್ತಲ್ಲ? ಬೆಳಿಗ್ಗೆ ಒಂದು ದೇವಸ್ಥಾನ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಒಂದು ಡ್ಯಾಮು, ದಾರಿಯುದ್ದಕ್ಕೂ ಕಿಟಕಿಯಲ್ಲಿ ವಾಂತಿ. ಬಂದ ಮೇಲೆ ಪ್ರಬಂಧ: "ನಾವು ಕಂಡ ರಮಣೀಯ ದೃಶ್ಯಗಳು."

ಅದಕ್ಕೆ ಬದಲಾಗಿ ಚಿಕ್ಕಮ್ಮ ಆರು ವರ್ಷದಿಂದ ಪ್ರತಿವರ್ಷ ಹೆಡ್‌ಮಾಸ್ಟರಿಗೆ ಒಂದು ಪಟ್ಟಿ ಕೊಡುತ್ತಿದ್ದರು. ತಲೆಬರಹ "ಪರಿಸರ ಕಲಿಕೆಯ ಚಟುವಟಿಕೆಗಳು". ಮೊದಲನೆಯದು, ಪ್ರತಿ ಮಗುವೂ ಒಂದು ಗಿಡದ ಪರಿಚಯ ಮಾಡಿಕೊಂಡು ಅದನ್ನು ಉಳಿದವರಿಗೆ ಪರಿಚಯಿಸುವುದು. ಎರಡನೆಯದು, ಹೊಟ್ಟೆಯ ಮೇಲೆ ಮಲಗಿ ಒಂದು ಗೇಣು ನೆಲದಲ್ಲಿ ಏನೇನು ಓಡಾಡುತ್ತದೆ ಎಂದು ಬರೆಯುವುದು. ಮೂರನೆಯದು ಹಿಕ್ಕೆ. ಹಿಕ್ಕೆ ಇಲ್ಲದಿದ್ದರೆ ಅದು ಚಿಕ್ಕಮ್ಮನ ಪಟ್ಟಿಯಾಗಲು ಸಾಧ್ಯವೇ?

"ಹಿಕ್ಕೆ ಆರಿಸೋಕೆ ಗೌರಿಬಿದನೂರು ದಾಟಿ ಹೋಗ್ಬೇಕಾ ಮೇಡಂ?" ಎಂದು ಹೆಡ್‌ಮಾಸ್ಟರು ಪಟ್ಟಿಯನ್ನು ಪೇಪರ್‌ವೇಟಿನ ಕೆಳಗೆ ಇಡುತ್ತಿದ್ದರು. "ನಮ್ ಸ್ಕೂಲ್ ವರಾಂಡದಲ್ಲೇ ದಿನಾ ಮೇಕೆ ಮಲಗ್ತವಲ್ಲ. ಎಷ್ಟು ಬೇಕೋ ಆರಿಸ್ಕೊಳ್ಳಿ."

ಏಳನೆಯ ವರ್ಷ ಚಿಕ್ಕಮ್ಮ ಹೆಡ್‌ಮಾಸ್ಟರ ಕೋಣೆಯಿಂದ ಹೊರಗೆ ಬರಲೇ ಇಲ್ಲವಂತೆ. ಬೆಲ್ ಹೊಡೆದು, ಜವಾನ ಬೀಗ ಹಿಡಿದುಕೊಂಡು ಬಾಗಿಲಲ್ಲಿ ನಿಂತ ಮೇಲೆ ಹೆಡ್‌ಮಾಸ್ಟರು ಸೋತರು. ಆದರೆ ಷರತ್ತು ಹಾಕಿದರು. "ಮೂವತ್ತೆರಡು ಮಕ್ಕಳ ಮನೆಯಿಂದಲೂ ಒಪ್ಪಿಗೆ ಸಹಿ ಬರಬೇಕು. ಒಂದು ಕಮ್ಮಿ ಆದ್ರೂ ಡ್ಯಾಮಿಗೇ ಹೋಗಣ. ಆಮೇಲೆ ನನ್ ಸರ್ವೀಸ್ ಮುಗಿಯೋವರೆಗೂ ಈ ಮಾತು ಎತ್ತಬಾರ್ದು."

ಚಿಕ್ಕಮ್ಮ ಅವತ್ತು ಮನೆಗೆ ಬಂದದ್ದು ನಡೆದುಕೊಂಡಲ್ಲ, ಹಾರಿಕೊಂಡು. ಬಂದವರೇ ತಾಲೀಮು ಶುರು ಮಾಡಿದರು. ಹಿತ್ತಲಲ್ಲಿ ನಾನು, ಚಿಕ್ಕಪ್ಪ, ಅವರು ಮೂವರೂ ಹೊಟ್ಟೆಯ ಮೇಲೆ ಮಲಗಿ ತಲಾ ಒಂದು ಗೇಣು ನೆಲ ನೋಡತೊಡಗಿದೆವು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯಾಕೆ ಇಣುಕಿದರು. "ಏನ್ ಬೀಳಿಸ್ಕೊಂಡ್ರಿ? ಓಲೆ ತಿರುಪಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಬಂದು ತಾವೂ ಬಗ್ಗಿ ಹುಡುಕಿದರು. ಅರ್ಧ ಗಂಟೆಯಾದರೂ ಸಿಗಲಿಲ್ಲ. "ಹೋಗ್ಲಿ ಬಿಡಮ್ಮ, ಬೇಜಾರ್ ಮಾಡ್ಕೋಬೇಡ," ಎಂದು ಚಿಕ್ಕಮ್ಮನಿಗೇ ಸಮಾಧಾನ ಹೇಳಿ ಹೋದರು.

ಇಲ್ಲಿಯವರೆಗೂ ಎಲ್ಲ ಸರಿಯಾಗಿತ್ತು. ಕೆಟ್ಟದ್ದು ನನ್ನಿಂದ. ಪೋಷಕರಿಗೆ ಕಳಿಸುವ ಪತ್ರವನ್ನು ಸ್ಟೆನ್ಸಿಲ್ ಕಾಗದದ ಮೇಲೆ ಬರೆದು ಸೈಕ್ಲೋಸ್ಟೈಲ್ ಮಾಡಿಸಬೇಕಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಕೆಲಸ ನನಗೆ ಬಿತ್ತು.

"ಕೃಷ್ಣಮೃಗಕ್ಕೆ ಜಿಂಕೆ ಅಂತ ಬರೀಲಾ ಚಿಕ್ಕಮ್ಮ?"

"ಅಯ್ಯೋ, ಜಿಂಕೆ ಬೇರೆ ಕಣೇ! ಜಿಂಕೆ ಕೊಂಬು ಉದುರುತ್ತೆ, ಇದರದ್ದು ಉದುರಲ್ಲ. ಹುಲ್ಲೆ ಅಂತ ಬರಿ. ಎಂಥ ಚೆಂದದ ಪದ!"

ಬರೆದೆ. ಒತ್ತಿ ಬರೆದರೆ ಆ ಕಾಗದ ಹರಿಯುತ್ತದೆಂದು ಹೆದರಿ, ಒತ್ತಕ್ಷರಗಳನ್ನೆಲ್ಲ ನವಿರಾಗಿ ತೇಲಿಸಿದೆ. ಮೂವತ್ತೆರಡು ಪ್ರತಿಗಳಲ್ಲೂ ಒತ್ತು ಮೂಡಲೇ ಇಲ್ಲ. "ಹುಲೆ" ಎಂಬ ಪ್ರಾಣಿ ಪ್ರಪಂಚದಲ್ಲಿ ಎಲ್ಲೂ ಇಲ್ಲವಲ್ಲ, ಓದು ಬಂದ ಪೋಷಕರು ದೊಡ್ಡ ಮನಸ್ಸು ಮಾಡಿ ತಿದ್ದಿಕೊಂಡು ಉಳಿದವರಿಗೂ ಓದಿ ಹೇಳಿದರು: "ಮಕ್ಕಳು ಹುಲಿಗಳನ್ನು ಹತ್ತಿರದಿಂದ ಗಮನಿಸುವರು. ಹುಲಿಗಳ ಹಿಕ್ಕೆಯನ್ನು ಸಂಗ್ರಹಿಸುವರು. ಹುಲಿಗಳು ಓಡಾಡುವ ಜಾಗದಲ್ಲಿ ಹೊಟ್ಟೆಯ ಮೇಲೆ ಮಲಗುವರು."

ಮರುದಿನ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ತಾಯಂದಿರ ಸಂತೆ! ನಾನೂ ಚಿಕ್ಕಮ್ಮನ ಜೊತೆಯಲ್ಲೇ ಇದ್ದೆ, ಓಡಿಹೋಗಲು ದಾರಿ ಇರಲಿಲ್ಲ.

"ಪುಲಿ ಅಂಟಮ್ಮ, ಪುಲಿ!" ಎಂದು ತೆಲುಗಿನಲ್ಲಿ ಒಬ್ಬಾಕೆ ಎದೆ ಬಡಿದುಕೊಂಡರು. "ಮೇಡಂ, ನಂಗಿರೋದು ಒಂದೇ ಕೂಸು!"

"ಹುಲಿ ಅಲ್ಲಮ್ಮ, ಹುಲ್ಲೆ. ಲ್ಲೆ! ಲ್ಲೆ!" ಎಂದು ಚಿಕ್ಕಮ್ಮ ನಾಲಿಗೆ ಮಡಚಿ ತೋರಿಸಿದರು.

"ಅದು ಹುಲೀದು ಹೆಣ್ಣಾ?"

ಹುಲ್ಲೆ ಎಂದರೆ ಹುಲ್ಲು ತಿನ್ನುವ ಪ್ರಾಣಿ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಇಲ್ಲ, ಇಲ್ಲ ಎಂದು ಇಷ್ಟು ಸಲ ಹೇಳುತ್ತಿದ್ದಾರೆಂದರೆ ಅಲ್ಲಿ ಹುಲಿ ಇದ್ದೇ ಇದೆ ಎಂದು ತೀರ್ಮಾನವಾಯಿತು. ಹೆಡ್‌ಮಾಸ್ಟರು ಕಿಟಕಿಯಿಂದ ನೋಡುತ್ತ ನಿಂತಿದ್ದರು. ಅವರ ಮುಖದಲ್ಲಿ ಆಗಲೇ ಡ್ಯಾಮು ಕಾಣುತ್ತಿತ್ತು. ಚಿಕ್ಕಮ್ಮನ ಕಣ್ಣಲ್ಲಿ ನೀರು ತುಂಬಿತು. ಏಳು ವರ್ಷದ ಆಸೆಯನ್ನು ನಾನು ಒಂದು ಒತ್ತಕ್ಷರದಲ್ಲಿ ಮುಳುಗಿಸಿದ್ದೆ! ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗ ಗುಂಪಿನ ಹಿಂದಿನಿಂದ ಒಂದು ಧ್ವನಿ ಬಂತು. "ನಾವೂ ಜೊತೇಗೆ ಬಂದ್ರೆ ಆಗಕಿಲ್ವಾ ಮೇಡಂ?"

ಫಿಲೇಚರು ಕಾರ್ಖಾನೆಯಲ್ಲಿ ಕುದಿಯುವ ನೀರಿಗೆ ಕೈ ಹಾಕಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸು ಆಕೆ. ಮಗಳು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಆಕೆ ಕೇಳಿದ್ದೇ ತಡ, ಎಲ್ಲರೂ "ಹೌದು ಕಣಮ್ಮ, ನಾವೂ ಬತ್ತೀವಿ," ಎಂದರು. ಬರಲಾಗದವರು ಬರುವವರಿಗೆ ಮಕ್ಕಳನ್ನು ಒಪ್ಪಿಸಿದರು. ಮೂವತ್ತೆರಡು ಸಹಿಯೂ ಬಿತ್ತು, ಅದರಲ್ಲಿ ಹತ್ತೊಂಬತ್ತು ಹೆಬ್ಬೆಟ್ಟು. ಹೆಡ್‌ಮಾಸ್ಟರು ಏನು ತಾನೆ ಮಾಡಿಯಾರು!

ಪ್ರವಾಸದ ದಿನ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ಐದು ಜನ, ಅವರ ತೊಡೆಯ ಮೇಲೆ ಇನ್ನಿಬ್ಬರು. ಒಬ್ಬಾಕೆ ಹುಲಿಯ ಕಣ್ಣಿಗೆ ಎರಚಲು ಖಾರದ ಪುಡಿ ತಂದಿದ್ದರು. ಗೌರಿಬಿದನೂರಿನಲ್ಲಿ ಸೀಬೆಕಾಯಿ ಕೊಂಡಾಗ ಅದು ಬಹಳ ಉಪಯೋಗಕ್ಕೆ ಬಂತು.

ಹುಲ್ಲುಗಾವಲು ತಲುಪಿದಾಗ ದೂರದಲ್ಲಿ ಹತ್ತು ಹನ್ನೆರಡು ಹುಲ್ಲೆಗಳು ಮೇಯುತ್ತಿದ್ದವು. ಸುರುಳಿ ಸುತ್ತಿದ ಕೊಂಬು, ಕರಿಬೆನ್ನು, ಬಿಳಿಹೊಟ್ಟೆ. ಚಿಕ್ಕಮ್ಮ ಕೈ ಜೋಡಿಸುವುದೊಂದು ಬಾಕಿ.

"ಇದೇನಾ?" ಎಂದರು ಖಾರದ ಪುಡಿಯಾಕೆ. "ಮ್ಯಾಕೆ ಇದ್ದಂಗೈತೆ!"

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಆ ನಗುವಿಗೆ ಹುಲ್ಲೆಗಳು ನಾಲ್ಕೇ ನೆಗೆತಕ್ಕೆ ಕಣ್ಮರೆಯಾದವು. ಹೋಗಲಿ, ಹಿಕ್ಕೆಯಾದರೂ ಉಳಿದಿತ್ತಲ್ಲ! ಮಕ್ಕಳು ಮೂಗು ಮುಚ್ಚಿಕೊಂಡು ನಿಂತರೆ ತಾಯಂದಿರು ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟರು. "ಇದು ಇವತ್ತಿಂದು. ಇದು ಮೂರು ದಿನದ್ದು. ಇದಕ್ಕೆ ನೀರು ಸಾಲದೆ ಹೊಟ್ಟೆ ಕಟ್ಟೈತೆ." ಚಿಕ್ಕಮ್ಮ ಪುಸ್ತಕ ನೋಡಿ ನೋಡಿ ಕಲಿತದ್ದನ್ನು ಮೇಕೆ ಸಾಕಿದ ಕೈಗಳು ಮುಟ್ಟಿ ಹೇಳುತ್ತಿದ್ದವು. ಚಿಕ್ಕಮ್ಮ ಬಾಯಿ ತೆರೆದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಗಿಡದ ಪರಿಚಯಕ್ಕೆ ಬಂದಾಗಲಂತೂ ತಾಯಂದಿರದೇ ಜೋರು. ಯಾವ ಸೊಪ್ಪು ಹುಣ್ಣಿಗೆ, ಯಾವುದು ಬಾಣಂತಿಗೆ, ಯಾವುದು ಸಾರಿಗೆ ಎಂದು ಒಬ್ಬರ ಮೇಲೊಬ್ಬರು ಕೂಗಿದರು.

ಹುಲ್ಲೆ ಮತ್ತೆ ಬರಬೇಕಾದರೆ ಈ ಗದ್ದಲ ನಿಲ್ಲಬೇಕಿತ್ತು. ಚಿಕ್ಕಮ್ಮ ಪೀಪಿ ಊದಿ ಪಟ್ಟಿಯಲ್ಲಿ ಇಲ್ಲದ ಒಂದು ಚಟುವಟಿಕೆಯನ್ನು ಅಲ್ಲೇ ಹುಟ್ಟಿಸಿದರು. "ಎಲ್ರೂ ದೂರ ದೂರ ಕೂತ್ಕೊಳ್ಳಿ. ಅಮ್ಮಂದಿರೂ ಸೇರಿ. ಹತ್ತು ನಿಮಿಷ ಒಬ್ರೂ ಮಾತಾಡಬಾರ್ದು. ಏನೇನ್ ಕೇಳಿಸ್ತು ಅಂತ ಆಮೇಲೆ ಬರೀಬೇಕು. ಬರೆಯೋಕೆ ಬರದವರದ್ದು ಮಕ್ಕಳು ಬರ್ಕೊಡ್ಲಿ."

ಆಶ್ಚರ್ಯವೆಂದರೆ ನಿಜವಾಗಿಯೂ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ! ಹುಲ್ಲೆಗಳು ಬರಲಿಲ್ಲ, ಅದು ಬೇರೆ ಮಾತು. ಪೀಪಿ ಊದಿದ ಮೇಲೆ ಚಿಕ್ಕಮ್ಮ ಒಂದೊಂದೇ ಹಾಳೆ ಓದಿಸುತ್ತ ಬಂದರು. ಗಾಳಿ. ಗೊರವಂಕ. ಜೀರುಂಡೆ. "ನನ್ನ ಹೊಟ್ಟೆ ಗುರ್ ಅಂದದ್ದು." ಕೊನೆಗೆ ಆ ನೂಲು ಬಿಚ್ಚುವ ಹೆಂಗಸಿನ ಬಳಿ ಬಂದರೆ ಮಗಳ ಕೈಯಲ್ಲಿ ಹಾಳೆ ಖಾಲಿ.

"ಅಮ್ಮ ಏನೇನೋ ಹೇಳ್ತಾಳೆ ಮಿಸ್. ಬರೀಲಾ ಬೇಡ್ವಾ?"

"ಏನ್ ಕೇಳಿಸ್ತಮ್ಮ?" ಎಂದು ಚಿಕ್ಕಮ್ಮ ಆಕೆಯನ್ನೇ ಕೇಳಿದರು.

ಆಕೆ ಬೆಂದು ಬಿಳಿಚಿದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಸ್ವಲ್ಪ ನಾಚಿಕೊಂಡರು. "ಏನೂ ಕೇಳಿಸ್ಲಿಲ್ಲ ಮೇಡಂ. ಹತ್ ನಿಮಿಷ ನನ್ನ ಯಾರೂ ಕರೀಲಿಲ್ಲ. ಅಷ್ಟೇಯ."

ನನಗೆ ನನ್ನ ಅಮ್ಮನ ನೆನಪಾಯಿತು. ಮನೆಯಲ್ಲಿ ನಾನು ದಿನಕ್ಕೆ ಎಷ್ಟು ಸಲ ಅವಳನ್ನು ಕರೆಯುತ್ತಿದ್ದೆನೋ! ಚಿಕ್ಕಮ್ಮ ಮಗಳ ಕೈಗೆ ತಮ್ಮ ಪೆನ್ನು ಕೊಟ್ಟು, "ಅಮ್ಮ ಹೇಳಿದ್ ಹಾಗೇ ಬರಿ ಮಗ, ಒಂದಕ್ಷರಾನೂ ಬಿಡಬೇಡ," ಎಂದರು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿತು. ಹೊರಡುವ ಹೊತ್ತಾಗಿತ್ತು. ಆಕೆ ಗಡಬಡಿಸಿ ಏಳಲು ಹೊರಟರು. ಚಿಕ್ಕಮ್ಮ ಆಕೆಯ ಭುಜ ಹಿಡಿದು ಮತ್ತೆ ಕೂರಿಸಿದರು. ಸೀರೆಯ ನೆರಿಗೆ ಎತ್ತಿಕೊಂಡು, ಕಲ್ಲು ಮುಳ್ಳು ನೋಡದೆ ಬಸ್ಸಿನ ತನಕ ಓಡಿದರು. ಡ್ರೈವರಿಗೆ ಅವರು ಹೇಳಿದ ಮಾತು ನನಗೆ ಅಷ್ಟು ದೂರಕ್ಕೂ ಕೇಳಿಸಿತು.

"ಹಾರನ್ ಹೊಡೀಬೇಡ್ರಪ್ಪ. ಅವರು ಇನ್ನೊಂದು ಹತ್ತು ನಿಮಿಷ ಕೂತಿರ್ಲಿ."