ಪಕ್ಕದ ಮನೆಯನ್ನು ಪಾಳು ಬೀಳಿಸಿದ್ದು

ವೆಂಡೆಲ್ ಕೂಬಿಯಾಕ್ ತನ್ನ ಮನೆಯ ಹುಲ್ಲನ್ನು ಮೊಣಕಾಲೆತ್ತರ ಬೆಳೆಯಲು ಬಿಟ್ಟು, ಪಕ್ಕದ ಮನೆಯ ಹುಲ್ಲನ್ನು ಪ್ರತಿ ಶನಿವಾರ ಕತ್ತರಿಸುತ್ತಿದ್ದ. ಇದು ಪರೋಪಕಾರವಲ್ಲ. ಹೆಂಡತಿಯ ಅಪ್ಪಣೆ.

ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲ. ಹ್ರೂಬಿ ಎಂಬವರ ಸಂಸಾರ ಸಾಲದ ಕಂತು ಕಟ್ಟಲಾರದೆ ಹೊರಟುಹೋಗಿತ್ತು. ಬ್ಯಾಂಕಿನವರು ಬಂದು ಬೀಗ ಜಡಿದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಈರೀ ಸರೋವರದ ದಂಡೆಯ ಆ ಊರಿನಲ್ಲಿ ಇಂಥ ಮನೆಗಳಿಗೇನೂ ಬರವಿರಲಿಲ್ಲ. ಮನೆ ಖಾಲಿ ಎಂಬ ಸುಳಿವು ಸಿಕ್ಕರೆ ಸಾಕು, ಗುಜರಿ ಕಳ್ಳರು ಗೋಡೆ ಒಡೆದು ತಾಮ್ರದ ಕೊಳವೆಗಳನ್ನು ಮೀನಿನ ಮುಳ್ಳು ಬಿಡಿಸಿದಷ್ಟು ಅಚ್ಚುಕಟ್ಟಾಗಿ ಎಳೆದುಕೊಂಡು ಹೋಗುತ್ತಿದ್ದರು. ಆದ್ದರಿಂದ ಬೀದಿಯವರು ಒಂದು ಪದ್ಧತಿ ಮಾಡಿಕೊಂಡಿದ್ದರು: ಪಕ್ಕದ ಖಾಲಿ ಮನೆಯಲ್ಲಿ ಜನ ಇದ್ದಾರೆಂದು ತೋರಿಸುವುದು. ಅದರ ಹುಲ್ಲು ಕತ್ತರಿಸುವುದು, ಅದರ ಮುಂದೆ ತಮ್ಮ ಗಾಡಿ ನಿಲ್ಲಿಸುವುದು, ಯಾರಾದರೂ ಅಪರಿಚಿತರು ಕೇಳಿದರೆ, "ಈಗಷ್ಟೇ ಕೆಲಸಕ್ಕೆ ಹೋದರಲ್ಲ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದು.

ಈ ವ್ರತದಲ್ಲಿ ವೆಂಡೆಲ್‌ನ ಹೆಂಡತಿ ಲೊರೆಟ್ಟಾ ಕೂಬಿಯಾಕಳನ್ನು ಮೀರಿಸುವವರಿರಲಿಲ್ಲ. ತನ್ನ ಮನೆಯ ಕಸೂತಿ ಪರದೆಗಳನ್ನು ಬಿಚ್ಚಿ ಆ ಕಿಟಕಿಗಳಿಗೆ ಕಟ್ಟಿದಳು. ಹೂಕುಂಡಗಳು ಹೋದವು. ಜಗಲಿಯ ದೀಪಕ್ಕೆ ಕೂಬಿಯಾಕರ ಮನೆಯಿಂದಲೇ ವೈರು ಎಳೆದದ್ದಾಯಿತು. ಕೊನೆಗೆ ವೆಂಡೆಲ್ ಸಂಜೆ ಹೊತ್ತು ಕೂರುತ್ತಿದ್ದ ತೂಗುಕುರ್ಚಿಯೂ ಹೋಯಿತು.

"ನಾನೆಲ್ಲಿ ಕೂರಲಿ?"

"ಅಲ್ಲಿ ಹೋಗಿ ಕೂತ್ಕೋ. ಆ ಮನೇಲಿ ಗಂಡಸು ಇದ್ದಾನೆ ಅಂತ ಕಾಣ್ಲಿ."

"ಮತ್ತೆ ಈ ಮನೇಲಿ?"

"ಇಲ್ಲಿ ನೀನೇ ಇದ್ದೀಯಲ್ಲ."

ವೆಂಡೆಲ್ ಎದ್ದು ಪಕ್ಕದ ಜಗಲಿಗೆ ಹೋಗಿ ಕೂತ. ಅವನದು ಹಳೆಯ ಫ್ರಿಜ್ಜು, ಒಲೆಗಳನ್ನು ಮಾರುವ ಅಂಗಡಿ. ನೆಗ್ಗಿದ ಪಕ್ಕವನ್ನು ಗೋಡೆಗೆ ತಿರುಗಿಸಿ ನಿಲ್ಲಿಸುವುದೇ ವ್ಯಾಪಾರವೆಂದು ಬಲ್ಲವನು. (ಸ್ವಂತ ಮನೆಗೆ ಮಾತ್ರ ಈ ಶಾಸ್ತ್ರ ಅನ್ವಯಿಸಿರಲಿಲ್ಲ, ಅದರ ನೆಗ್ಗು ನಾಲ್ಕೂ ಪಕ್ಕಕ್ಕಿತ್ತು. ಸೂರಿನಂಚಿನ ತಗಡು ಜೋತುಬಿದ್ದಿತ್ತು. ಮುಂದಿನ ಮೆಟ್ಟಿಲು ಮುರಿದು, ಬರುವವರೆಲ್ಲ ಅದನ್ನು ದಾಟಿ ಕಾಲಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.)

ಹೀಗಿರುವಾಗ ಸರ್ಕಾರದ ಅನುದಾನ ಬಂತು. ಪಾಳುಬಿದ್ದ ಮನೆಗಳನ್ನು ನಗರಸಭೆಯೇ ಕೊಂಡು, ರಿಪೇರಿ ಮಾಡಿ, ಹೊಸ ಸಂಸಾರಗಳಿಗೆ ಮಾರುತ್ತದೆಂದು ಚರ್ಚಿನಲ್ಲಿ ಶುಕ್ರವಾರದ ಮೀನೂಟದ ಹೊತ್ತಿಗೆ ಸುದ್ದಿ ಹಬ್ಬಿತು. ಲೊರೆಟ್ಟಾ ಅಂದು ಮೀನು ಮುಟ್ಟಲಿಲ್ಲ.

"ಆ ಮನೆ ಪಟ್ಟಿಗೆ ಸೇರಬೇಕು ವೆಂಡೆಲ್. ಪಕ್ಕದಲ್ಲಿ ಮನುಷ್ಯರ ಧ್ವನಿ ಕೇಳಿ ಎಷ್ಟು ಕಾಲ ಆಯ್ತು! ಸೇರದೇ ಇದ್ರೆ ನಂಗೆ ಈ ಬೀದಿ ಸಾಕು. ನಾನು ಅಕ್ಕನ ಮನೆಗೆ ಹೊರಟೆ."

"ಧಾರಾಳವಾಗಿ ಹೋಗ್ಬಾ. ಹತ್ತು ದಿನ ಇದ್ದು, ಆರಾಮ ಮಾಡ್ಕೊಂಡು..."

"ನಾನೊಬ್ಬಳೇ ಅಲ್ಲ. ನೀನೂ. ಇರೋಕೆ. ಜೆರಾಲ್ಡೀನಕ್ಕ ನೆಲಮಾಳಿಗೆ ಖಾಲಿ ಮಾಡಿಸಿದ್ದಾಳೆ."

ವೆಂಡೆಲ್‌ನ ಬಾಯಲ್ಲಿದ್ದ ಮೀನು ಅಲ್ಲೇ ನಿಂತಿತು. ಜೆರಾಲ್ಡೀನಳ ಮನೆಯಲ್ಲಿ ಸಾಸೇಜು ಹುರಿಯುವಂತಿಲ್ಲ, ವಾಸನೆ ಕಾರ್ಪೆಟ್ಟಿಗೆ ಹಿಡಿಯುತ್ತದೆ. ಬೇಸ್‌ಬಾಲ್ ನೋಡುತ್ತ ಕೂಗುವಂತಿಲ್ಲ. ಸೋಫಾ ಕೊಂಡಾಗ ಹಾಕಿದ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಅದರ ಮೇಲೆ ಆಕೆಯ ಗಂಡ ಕೈಕಟ್ಟಿ ಕೂತಿರುತ್ತಾನೆ. ಅವನಿಗೊಂದು ಹೊದಿಕೆ ಹಾಕಿಲ್ಲ, ಅಷ್ಟೇ ವ್ಯತ್ಯಾಸ.

ಆ ಕ್ಷಣದಿಂದ ವೆಂಡೆಲ್ ನಗರೋದ್ಧಾರಕ್ಕೆ ಟೊಂಕ ಕಟ್ಟಿದ. ಅಧಿಕಾರಿಗಳು ಮನೆಯ ಒಳಹೊಕ್ಕು ನೋಡುವುದಿಲ್ಲ, ಬೀದಿಯಲ್ಲಿ ಕಾರಿನಲ್ಲಿ ಬಂದು ಹೊರಗಿನಿಂದಲೇ ಪಾಳೋ ಅಲ್ಲವೋ ತೀರ್ಮಾನಿಸುತ್ತಾರೆಂದು ನಗರಸಭೆಯ ಗಿರಾಕಿಯೊಬ್ಬ ಒಲೆಗೆ ಚೌಕಾಶಿ ಮಾಡುತ್ತ ಬಾಯಿಬಿಟ್ಟ. ಬರುವುದು ಗುರುವಾರ ಎಂಬುದನ್ನೂ ಹೇಳಿದ. ವೆಂಡೆಲ್ ಒಲೆಯ ಬೆಲೆ ಇಳಿಸಿದ. ಸುದ್ದಿಯನ್ನು ಹೆಂಡತಿಗಲ್ಲದೆ ಬೇರಾರಿಗೂ ಹೇಳಲಿಲ್ಲ. ಹೇಳಿದರೆ ಬೀದಿಬೀದಿಯವರೂ ತಮ್ಮ ಪಾಳು ಮನೆಗಳನ್ನು ಪೈಪೋಟಿಗೆ ಇಳಿಸಿಬಿಟ್ಟಾರು.

ಸಂಜೆ ಹ್ರೂಬಿ ಮನೆಯ ಮುಂದೆ ನಿಂತು ನೋಡಿದ. ಪರದೆ ಗಾಳಿಗೆ ಆಡುತ್ತಿತ್ತು. ಕುಂಡದಲ್ಲಿ ಜೆರೇನಿಯಂ ಹೂ ಅರಳಿತ್ತು.

"ಲೊರೆಟ್ಟಾ, ಇದನ್ನು ನೋಡಿದರೆ ಸರ್ಕಾರ ಅನುದಾನ ಕೊಡಲ್ಲ. ಬಹುಮಾನ ಕೊಡುತ್ತೆ."

"ಹಂಗಂದ್ರೆ?"

"ಇದನ್ನು ಹಾಳು ಮಾಡ್ಬೇಕು."

"ನನ್ನ ಕೈಯಾರೆ ನಾನು ಮಾಡಲ್ಲಪ್ಪ. ನೀನೇ ಮಾಡು, ನಿಂಗೆ ಅಭ್ಯಾಸ ಇದೆ."

ಗುರುವಾರ ಬೆಳಗ್ಗೆ ಲೊರೆಟ್ಟಾ ಚರ್ಚಿನ ಹೆಂಗಸರ ಜೊತೆ ಪಿಯೆರೋಗಿ ಕಡುಬು ಮಾಡಲು ಹೋದಳು. ವೆಂಡೆಲ್ ಕೆಲಸಕ್ಕಿಳಿದ. ಪರದೆಗಳನ್ನು ಕಿತ್ತ. ಕಿಟಕಿಗಳಿಗೆ ಪ್ಲೈವುಡ್ ಹೊಡೆದ. ಜಗಲಿಯ ಮೇಲೆ ಬಾಗಿಲಿಲ್ಲದ ಫ್ರಿಜ್ಜೊಂದನ್ನು ಮಲಗಿಸಿದ. ಕೆಸರೆರಚಿದ. ಕಳೆ ಬೇಕಿತ್ತು, ಅದಕ್ಕಾಗಿ ಅಲೆಯಬೇಕಾಗಲಿಲ್ಲ, ಸ್ವಂತ ಅಂಗಳದಲ್ಲೇ ಬೇಕಾದಷ್ಟಿತ್ತು; ಕಿತ್ತು ತಂದು ನೆಟ್ಟ. ದೂರ ನಿಂತು ತಲೆ ವಾಲಿಸಿ ನೋಡಿದ. ಮನೆ ಅನಾಥವಾಗಿ, ಘನಘೋರವಾಗಿ, ಅನುದಾನಕ್ಕೆ ಸರ್ವವಿಧದಲ್ಲೂ ಅರ್ಹವಾಗಿ ಕಾಣುತ್ತಿತ್ತು. ತನ್ನ ವ್ಯಾನನ್ನು ಹಿಂದಿನ ಬೀದಿಯಲ್ಲಿ ಬಿಟ್ಟು ಬಂದು, ತನ್ನ ಮನೆಯೊಳಗೆ ಸೇರಿ, ಕಿಟಕಿಯ ಕೆಳಗೆ ನೆಲದ ಮೇಲೆ ಕೂತ. ಅಕ್ಕಪಕ್ಕದಲ್ಲಿ ನರಪಿಳ್ಳೆಯ ಸುಳಿವೂ ಇರಬಾರದೆಂದು ಅವನ ಲೆಕ್ಕಾಚಾರ.

ಫೋನು ಹೊಡೆದುಕೊಂಡಿತು. ಎದುರುಮನೆಯ ಮುದುಕಿ, ಒಟ್ಟಿಲಿ ಪೆಟ್ರಾಕ್.

"ವೆಂಡೆಲಪ್ಪಾ, ಹ್ರೂಬಿ ಮನೆಗೆ ಕಳ್ಳರು ಬಿದ್ದಿದ್ದಾರೆ! ಬೇಗ ಆಚೆ ಬಾ!"

"ಬಿಡಿ ಒಟ್ಟಿಲಿಯಮ್ಮ," ಎಂದ ಪಿಸುದನಿಯಲ್ಲಿ, "ಇವತ್ತೊಂದು ದಿನ ಹಂಗೇ ಇರ್ಲಿ."

"ಏನು ಹಂಗೇ ಇರ್ಲಿ? ಯಾಕಪ್ಪ ಧ್ವನಿ ಹಿಂಗೆ ನಡುಗ್ತಿದೆ?"

"ನಡುಗ್ತಿಲ್ಲ. ಮೆಲ್ಲಗೆ ಮಾತಾಡ್ತಿದ್ದೀನಿ."

"ಹೆದರಿದ್ದೀಯ. ತಪ್ಪೇನಿಲ್ಲ ಕಣಪ್ಪಾ, ಎಲ್ಲರಿಗೂ ಧೈರ್ಯ ಇರಲ್ಲ. ನೀನು ಒಳಗೇ ಇರು, ಚಿಲಕ ಹಾಕ್ಕೋ. ಗಂಡಸರನ್ನ ಕರೀತೀನಿ."

ಕರೆದಳು. ಗಂಡಸರು ಬಂದರು, ಹೆಂಗಸರೂ ಬಂದರು. ಪೊರಕೆ, ಸುತ್ತಿಗೆ, ಬಕೆಟ್ಟುಗಳ ಸಮೇತ ಇಡೀ ಬೀದಿಯೇ ಹ್ರೂಬಿ ಮನೆಯ ಮೇಲೆ ದಂಡೆತ್ತಿ ಬಂತು. ಪ್ಲೈವುಡ್ ಕಿತ್ತರು. ಜಗಲಿ ತೊಳೆದರು. ಫ್ರಿಜ್ಜನ್ನು ಎತ್ತಿ ತಂದು, ಇದು ಇನ್ನೆಲ್ಲಿಯದಿರಲು ಸಾಧ್ಯ ಎಂದುಕೊಂಡು, ವೆಂಡೆಲ್‌ನ ಅಂಗಳದಲ್ಲೇ ಕೆಡವಿದರು. ವೆಂಡೆಲ್ ಕಿಟಕಿಯ ಸಂದಿನಿಂದ ನೋಡುತ್ತಲೇ ಇದ್ದ. ಹೊರಗೆ ಹೋಗಿ ನಿಲ್ಲಿಸಬಹುದಿತ್ತು; ಆಗ ಕಳ್ಳ ಯಾರೆಂದು ಹೇಳಬೇಕಾಗುತ್ತಿತ್ತು.

ಎಲ್ಲ ಮುಗಿದು, ಬೀದಿಯವರು ಆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದಾಗ ಬಿಳಿಯ ಕಾರು ಬಂತು. ಕ್ಯಾಮೆರಾ ಹಿಡಿದ ಅಧಿಕಾರಿಣಿ ಇಳಿದಳು.

"ಈ ಮನೆ ಖಾಲಿ ಇದೆಯಾ?"

ಅಪರಿಚಿತಳು. ಖಾಲಿಯಾ ಎಂದು ಕೇಳುತ್ತಿದ್ದಾಳೆ. ಒಟ್ಟಿಲಿಯ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಖಾಲಿಯಾ? ಒಳ್ಳೇ ತುಂಬಿದ ಸಂಸಾರ ಕಣಮ್ಮ! ಈಗಷ್ಟೇ ಕೆಲಸಕ್ಕೆ ಹೋದ್ರು. ರಾತ್ರಿ ಪಾಳಿಯವರು ಮಲಗಿದ್ದಾರೆ. ನಾಯಿ ಬೇರೆ ಇದೆ, ಕಚ್ಚುತ್ತೆ."

ಅಧಿಕಾರಿಣಿ ಮೆಚ್ಚಿ ತಲೆಯಾಡಿಸಿ, ಪಕ್ಕಕ್ಕೆ ತಿರುಗಿದಳು. ಪಕ್ಕದ ಮನೆಗೆ ಪರದೆಯಿಲ್ಲ. ಗಾಡಿಯಿಲ್ಲ. ಅಂಗಳದ ಹುಲ್ಲನ್ನು ಯಾರೋ ಅಲ್ಲಲ್ಲಿ ಕಿತ್ತೊಯ್ದಿದ್ದಾರೆ. ಮಧ್ಯೆ ಒಂದು ಬಾಗಿಲಿಲ್ಲದ ಫ್ರಿಜ್ಜು. ಮುರಿದ ಮೆಟ್ಟಿಲನ್ನು ದಾಟಿ ಹೋಗಿ ಆಕೆ ಬಾಗಿಲು ತಟ್ಟಿದಳು.

ವೆಂಡೆಲ್ ಉಸಿರು ಬಿಗಿಹಿಡಿದ. ಬಾಗಿಲು ತೆರೆದರೆ, ಹಗಲು ಹೊತ್ತಿನಲ್ಲಿ ನೆಲದ ಮೇಲೆ ಯಾಕೆ ಕೂತಿದ್ದೆ ಎಂಬುದಕ್ಕೆ ಇಡೀ ಬೀದಿಯೆದುರು ಕಾರಣ ಕೊಡಬೇಕು. ಮೊಣಕೈ ಊರಿ ಮೆಲ್ಲಗೆ ಅಡುಗೆಮನೆಯ ಕಡೆ ತೆವಳಿದ. ಕಿಟಕಿಯಲ್ಲಿ ಕ್ಯಾಮೆರಾ ಮಿಂಚಿತು.

ಸಂಜೆ ಲೊರೆಟ್ಟಾ ಪಿಯೆರೋಗಿಯ ತಟ್ಟೆ ಹಿಡಿದು ಬಂದಾಗ ತನ್ನ ಮನೆಯ ಬಾಗಿಲಿಗೆ ಕಿತ್ತಳೆ ಬಣ್ಣದ ಚೀಟಿ ಅಂಟಿತ್ತು. ನಿಂತು ಗಟ್ಟಿಯಾಗಿ ಓದಿದಳು.

"'ಈ ಮನೆಯಲ್ಲಿ ಜನವಸತಿಯ ಯಾವ ಲಕ್ಷಣವೂ ಕಂಡುಬಂದಿಲ್ಲ. ನೆಲದ ಮೇಲೆ ತೆವಳುವ ಭಾರಿ ಗಾತ್ರದ ಪ್ರಾಣಿಯೊಂದು ಕಂಡಿದೆ, ರಕೂನ್ ಇರಬಹುದು. ತಿಂಗಳೊಳಗೆ ದುರಸ್ತಿಯಾಗದಿದ್ದರೆ ಪಾಳು ಮನೆಗಳ ಪಟ್ಟಿಗೆ ಸೇರಿಸಲಾಗುವುದು.'"

(ರಕೂನ್ ಎಂದರೆ ಕಣ್ಣಿಗೆ ಕಪ್ಪು ಪಟ್ಟಿಯಿರುವ ಪ್ರಾಣಿ, ಖಾಲಿ ಮನೆ ಸಿಕ್ಕರೆ ಬಾಡಿಗೆ ಕೊಡದೆ ಸೇರಿಕೊಳ್ಳುತ್ತದೆ.)

"ನಾಳೆ ಬೆಳಗ್ಗೆನೇ ಆಫೀಸಿಗೆ ಹೋಗಿ ಹೇಳ್ತೀನಿ, ಇಲ್ಲಿ ನಾನಿದ್ದೀನಿ ಅಂತ," ಎಂದ ವೆಂಡೆಲ್.

"ನಂಬ್ತಾರಾ? ನಾನು ಮದುವೆಯಾದಾಗಿನಿಂದ ನಂಬೋಕೆ ನೋಡ್ತಿದ್ದೀನಿ."

ಒಳಗೆ ಫೋನು ಹೊಡೆದುಕೊಂಡಿತು. ಜೆರಾಲ್ಡೀನಳೇ. ವೆಂಡೆಲ್‌ನ ಕಣ್ಣ ಮುಂದೆ ಪ್ಲಾಸ್ಟಿಕ್ ಹೊದಿಸಿದ ಸೋಫಾ ಬಂದು ನಿಂತಿತು; ಅದರ ಮೇಲೆ ಇನ್ನೊಬ್ಬನಿಗೂ ಜಾಗವಿತ್ತು. ಲೊರೆಟ್ಟಾ ಫೋನು ಕಿವಿಗಿಟ್ಟುಕೊಂಡು ಬಾಗಿಲ ಬಳಿ ನಿಂತಳು. ಪಕ್ಕದ ಜಗಲಿಯಿಂದ ಯಾರೂ ಎದ್ದುಹೋಗಿರಲಿಲ್ಲ. ಒಟ್ಟಿಲಿ ಏನೋ ಹೇಳಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಹ್ರೂಬಿ ಸಂಸಾರ ಹೋದ ಮೇಲೆ ಆ ಕಡೆಯಿಂದ ನಗು ಕೇಳಿಸಿದ್ದು ಅದೇ ಮೊದಲು. ಲೊರೆಟ್ಟಾ ಬಾಗಿಲನ್ನು ಇನ್ನಷ್ಟು ತೆರೆದು ಆ ಕಡೆ ಕಿವಿಗೊಟ್ಟಳು.

"ಇಲ್ಲ ಅಕ್ಕ, ಬರೋಕಾಗಲ್ಲ," ಎಂದಳು. "ಅಕ್ಕಪಕ್ಕ ಜನ ಬಂದಿದ್ದಾರೆ. ನಮ್ಮನೇದೇ ರಿಪೇರಿ ಇದೆ, ಮೆಟ್ಟಿಲು, ತಗಡು, ಹುಲ್ಲು, ಬಣ್ಣ, ಎಲ್ಲಾನೂ... ಛೆ, ಸರ್ಕಾರ ಏನೂ ಕೊಡ್ತಿಲ್ಲ... ಆಳಾ? ಆಳು ಯಾಕೆ? ಮನೇಲಿ ಒಂದು ರಕೂನ್ ಸಿಕ್ಕಿದೆ ಅಂತ ಸರ್ಕಾರವೇ ಬರೆದುಕೊಟ್ಟಿದೆ. ಅದರ ಕೈಲೇ ಮಾಡಿಸ್ತೀನಿ."