ನೀರ್ ಹೋಪುದ್ ಎಲ್ಲಿ?

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವರಿಗೆ ಒಂದು ಕಾಯಿಲೆ ಇರುತ್ತದೆ, ನನಗೂ ಇದೆ. ‘ಗೊತ್ತಿಲ್ಲ’ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅಮ್ಮ ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಸುಲಿದು ಬೆರಳು ಕಪ್ಪು ಮಾಡಿಕೊಂಡು ನನ್ನನ್ನು ಆರ್ಕಿಟೆಕ್ಟ್ ಮಾಡಿದಳು. ಗೊತ್ತಿಲ್ಲ ಎಂದರೆ ಆ ಬೆರಳುಗಳಿಗೆ ಅವಮಾನ ಎಂದು ನಾನೇ ತೀರ್ಮಾನಿಸಿಕೊಂಡು, ಯಾರು ಏನು ಕೇಳಿದರೂ ‘ಅದು ನೆಕ್ಸ್ಟ್ ಸ್ಟೇಜ್’ ಎನ್ನುತ್ತೇನೆ. ಕುಂದಾಪುರದಲ್ಲಿ ಆಫೀಸು ತೆರೆದಂದಿನಿಂದ ಈ ಮಾತು ನನ್ನನ್ನು ಕಾಪಾಡಿದಷ್ಟು ದೇವರೂ ಕಾಪಾಡಿಲ್ಲ. ಊರವರು ನನ್ನನ್ನು ಇಂಜಿನಿಯರ್ರೆ ಎಂದು ಕರೆಯುತ್ತಾರೆ. ಅದು ಬೇರೆ, ಇದು ಬೇರೆ ಎಂದು ಎರಡು ವರ್ಷ ತಿದ್ದಿದೆ. ಅಮ್ಮನೇ ‘ನನ್ ಮಗ ಇಂಜಿನಿಯರ್’ ಎಂದು ಹೇಳಿಕೊಂಡು ತಿರುಗುವುದು ಗೊತ್ತಾದ ಮೇಲೆ ಬಿಟ್ಟೆ.

ಕೋಡಿಯ ಬಾಬಣ್ಣ ಒಣಮೀನಿನ ವ್ಯಾಪಾರಿ. ದೀಪಾವಳಿ ಕಳೆದ ಮೇಲೆ ಒಂದು ದಿನ ಹೆಂಡತಿ ಗಿರಿಜಕ್ಕನ ಜೊತೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಮೀನಿನ ದರ ಹೇಳುವ ಧ್ವನಿಯಲ್ಲೇ ವಿಷಯ ಹೇಳಿದರು. ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಒಂದು ವರ್ಷ ಎಂದಿದ್ದಾರೆ. “ಹೊಸ ಮನಿ ಜಗ್ಲಿ ಮೇಲ್ ಒಂದಿನ ಕೂಕಂಡ್ ಚಾ ಕುಡಿಕ್ ಇಂಜಿನಿಯರ್ರೆ. ಮಳೆಗಾಲದೊಳ್ಗೆ ಪಂಚಾಂಗ ಆಯ್ಕ್, ಅಷ್ಟೇ.” ಪಂಚಾಂಗ ಎಂದರೆ ನಮ್ಮಲ್ಲಿ ಮನೆಯ ಅಡಿಪಾಯ; ಮಳೆ ಹಿಡಿಯುವ ಮೊದಲು ಅದು ಆಗಬೇಕು.

ಎರಡು ಕೋಣೆ, ಒಂದು ಚಾವಡಿ, ಒಂದು ಜಗಲಿ. ನಕ್ಷೆ ಒಂದು ವಾರದ ಕೆಲಸ. ಆದರೆ ನಾನು ಆಗಷ್ಟೇ ಕಂಪ್ಯೂಟರಿನಲ್ಲಿ ಶಿಲ್ಪ ಕೆತ್ತುವ ಸಾಫ್ಟ್‌ವೇರ್ ಕಲಿತಿದ್ದೆ. ಅದರೊಳಗೆ ಜೇಡಿಮಣ್ಣಿನಂಥ ಮುದ್ದೆಯೊಂದಿರುತ್ತದೆ. ಮೌಸಿನಿಂದ ಎಳೆದರೆ ಉಬ್ಬುತ್ತದೆ, ಅದುಮಿದರೆ ತಗ್ಗುತ್ತದೆ. ಬೇಕಾದ ಆಕಾರ ಬಂದ ಮೇಲೆ ರೆಂಡರ್ ಕೊಟ್ಟರೆ ಬಿಸಿಲು, ನೆರಳು, ಗಾಜಿನ ಹೊಳಪು ಎಲ್ಲ ಸೇರಿ, ಇಲ್ಲದ ಮನೆಯ ಫೋಟೋ ತಯಾರು. ತೊಂದರೆ ಒಂದೇ. ಕೆಡವಿ ಕಟ್ಟುವುದು ಅಲ್ಲಿ ಅಷ್ಟು ಸುಲಭವಾದ್ದರಿಂದ ಮುಗಿಸಲು ಮನಸ್ಸೇ ಬರುವುದಿಲ್ಲ.

ನನ್ನ ಮೊಬೈಲಿನಲ್ಲಿ ಮೊದಲ ಚಿತ್ರ ನೋಡಿದ ಬಾಬಣ್ಣ ಕಣ್ಣು ಕಿರಿದು ಮಾಡಿದರು. “ಹ್ವಾಯ್, ನಮ್ ಜಗ್ಲಿ ಮೇಲ್ ನಾಯಿ ಹಿಡ್ಕಂಡ್ ನಿಂತದ್ ಯಾರ್ ಮಾರಾಯ್ರೆ?”

ಸಾಫ್ಟ್‌ವೇರಿನ ಜೊತೆಗೇ ಬಂದ ಯಾವನೋ ಬಿಳಿಯ. “ಸುಮ್ಮನೆ ಅಂದಕ್ಕೆ ಹಾಕಿದ್ದು ಬಾಬಣ್ಣ,” ಎಂದೆ.

“ನಾ ಹೊಗುಕ್ ಮುಂಚೆ ಒಕ್ಲ್ ಬಂದಾಯ್ತಾ!”

“ನಾಯಿ ಒಂದ್ ಇರ್ಲಿ,” ಎಂದರು ಗಿರಿಜಕ್ಕ, “ಒಣಮೀನಿಗೆ ಬೆಕ್ಕ್ ಬಪ್ಪುದಾರೂ ತಪ್ಪುತ್ತ್.”

ಬಾಬಣ್ಣ ಇನ್ನೊಮ್ಮೆ ಬಗ್ಗಿ ನೋಡಿದರು. “ಅಲ್ದಾ, ಮಾಡ್ ಚಪ್ಪಟೆ ಇತ್ತಲೆ. ನೀರ್ ಹೋಪುದ್ ಎಲ್ಲಿ?”

ಮಾಡು ಎಂದರೆ ಸೂರು; ಅದರ ಇಳಿಜಾರನ್ನು ನಾನು ಯೋಚಿಸಿಯೇ ಇರಲಿಲ್ಲ. “ಅದು ನೆಕ್ಸ್ಟ್ ಸ್ಟೇಜ್,” ಎಂದೆ.

ಬಿಳಿಯನನ್ನು ತೆಗೆದು ಅಲ್ಲಿ ಬಾಬಣ್ಣನನ್ನೇ ಕೂರಿಸಲು ಹೊರಟೆ. ಮೂರು ಕಡೆಯಿಂದ ಫೋಟೋ ತೆಗೆದು, ಬುಟ್ಟಿ ಹೊತ್ತು ತಗ್ಗಿದ ಎಡಭುಜದ ಸಮೇತ ಅವರನ್ನು ಕೆತ್ತಿದೆ. ಆದರೆ ಹೋದಾಗಲೆಲ್ಲ ಮನುಷ್ಯ ಇನ್ನಷ್ಟು ಇಳಿದಿರುತ್ತಿದ್ದರು; ಶಿಲ್ಪಕ್ಕೂ ಅವರಿಗೂ ತಾಳೆಯಾಗುತ್ತಿರಲಿಲ್ಲ. ಸರಿ, ಶಿಲ್ಪದ ಕೆನ್ನೆ ತಗ್ಗಿಸಿದೆ. “ಅದ್ ಒಂದ್ ಮಾಡ್ಬೇಡಿ,” ಎಂದರು, “ಅಲ್ಲಾರೂ ಗಟ್ಟಿ ಇರ್ತೆ.” ಮತ್ತೆ ಉಬ್ಬಿಸಿದೆ. ಕಿಟಕಿ ಬದಲಿಸಿದೆ. ಬಣ್ಣ ಬದಲಿಸಿದೆ. ಇದೊಂದನ್ನೂ ಅವರು ಕೇಳಿದ್ದಲ್ಲ. ಮೇಸ್ತ್ರಿ ಎರಡು ಸಲ ಫೋನ್ ಮಾಡಿ ನಕ್ಷೆ ಕೇಳಿದ. ಫೈನಲ್ ಆಗಲಿ ಎಂದೆ. ಮೇ ತಿಂಗಳಲ್ಲಿ ಫೈನಲ್ ಆಯಿತು, ಚಿತ್ರ ಮಾತ್ರ.

ಅಷ್ಟರಲ್ಲಿ ಬಾಬಣ್ಣನಿಗೆ ಮಂಚದಿಂದ ಏಳಲಾಗುತ್ತಿರಲಿಲ್ಲ, ಮೊಬೈಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹದಿನೈದಡಿಯ ಫ್ಲೆಕ್ಸ್ ಮಾಡಿಸಿ ಮಂಚದ ಎದುರಿಗೆ, ಬಾಗಿಲಿನಿಂದ ಕಾಣುವಂತೆ ಅಂಗಳದ ಗೋಡೆಗೆ ಕಟ್ಟಿದೆ. ನೀಲಿ ಆಕಾಶ, ಬಿಳಿ ಮನೆ, ಜಗಲಿಯ ಮೇಲೆ ದುಂಡುಕೆನ್ನೆಯ ಬಾಬಣ್ಣ. ಬಹಳ ಹೊತ್ತು ನೋಡಿದರು.

“ಕೂಕಂಡದ್ ಆಯ್ತ್ ಇಂಜಿನಿಯರ್ರೆ. ಚಾ ಎಲ್ಲಿ?”

ಐದಾರು ತಿಂಗಳು ಕೆತ್ತಿದವನು ಚಹಾದ ಲೋಟವನ್ನೇ ಮರೆತಿದ್ದೆ.

ಮಳೆ ಹಿಡಿದ ಮರುವಾರ ಬಾಬಣ್ಣ ಹೋದರು. ನಾನು ಕೊಡೆ ಹಿಡಿದು ಓಡಿದಾಗ ಹೆಣವನ್ನು ಅಂಗಳಕ್ಕೆ ತಂದಾಗಿತ್ತು. ಶಿರೂರಿಗೆ ಕೊಟ್ಟ ಮಗಳು ಇನ್ನೂ ಬಂದಿರಲಿಲ್ಲ, ಮಳೆ ನಿಲ್ಲುವಂತಿರಲಿಲ್ಲ. ಇದ್ದ ಟಾರ್ಪಾಲು ಒಣಮೀನಿನ ಮೇಲಿತ್ತು. ಯಾರೋ ನನ್ನ ಫ್ಲೆಕ್ಸ್ ಬಿಚ್ಚಿ ನಾಲ್ಕು ಬಿದಿರಿಗೆ ಕಟ್ಟಿದ್ದರು, ಚಿತ್ರ ಕೆಳಮುಖವಾಗಿ. ಸುತ್ತ ಕಪ್ಪು ಮಳೆ. ತಲೆಯ ಮೇಲೆ ಮಾತ್ರ ನಾನು ಮಾಡಿದ ನೀಲಿ ಆಕಾಶ. ಮೇಲೊಬ್ಬ ಬಾಬಣ್ಣ ಜಗಲಿಯಲ್ಲಿ ಗಟ್ಟಿಯಾಗಿ ಕುಳಿತಿದ್ದರು, ಕೆಳಗೊಬ್ಬರು ಚಾಪೆಯ ಮೇಲೆ ಮಲಗಿದ್ದರು.

ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ನನ್ನ ಮುಖ ನೋಡದೆ ಹೇಳಿದ: “ಪಂಚಾಂಗ ಇಲ್ದೇ ಮಾಡ್ ಆಯ್ತ್ ಕಾಣಿ.”

ನಾನು ಮೇಲೆ ನೋಡಿದೆ. ನಿಜಕ್ಕೂ ಒಂದು ಹನಿ ಸೋರುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಚಿತ್ರದಂತೆಯೇ ನಿಂತ ಮಾಡು ಇದೊಂದೇ ಎಂದು, ಹೇಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ಹೆಮ್ಮೆಯೂ ಆಯಿತು. ಆಗಲೇ ಕಂಡದ್ದು: ಚಪ್ಪಟೆ ಮಾಡು ಬರೆದ ಜಾಗದಲ್ಲೇ ನೀರು ನಿಂತು ಫ್ಲೆಕ್ಸ್ ಹೊಟ್ಟೆಯಂತೆ ಜೋಲುತ್ತಿತ್ತು, ಸರಿಯಾಗಿ ಬಾಬಣ್ಣನ ಎದೆಯ ಮೇಲೆ. ಕೊಡೆ ಮಡಚಿ, ಅಂಚಿನಲ್ಲಿ ನಿಂತು, ಅದರ ತುದಿಯಿಂದ ಹೊಟ್ಟೆಯನ್ನು ಮೇಲಕ್ಕೆ ಒತ್ತಿದೆ. ನೀರು ಅಂಚಿಗೆ ಬಂದು ನೇರ ನನ್ನ ಕಾಲರಿನೊಳಗೆ ಇಳಿಯಿತು.

ಗಂಡನ ತಲೆಯ ಹತ್ತಿರ ಕುಳಿತಿದ್ದ ಗಿರಿಜಕ್ಕ ತಲೆಯೆತ್ತಿದರು. “ಮಳೆಗೆ ಚಂಡಿ ಆತ್ರಿ, ಬದಿಗೆ ಬನ್ನಿ.”

“ಅಡ್ಡಿಲ್ಲೆ ಗಿರಿಜಕ್ಕ,” ಎಂದೆ.

ಮಗಳು ಬರುವವರೆಗೂ ಹಾಗೆಯೇ ಎತ್ತಿ ಹಿಡಿದು ನಿಂತಿದ್ದೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಈಗ ನನಗೆ ಗೊತ್ತಿತ್ತು. ಹೇಳಲು ನೆಕ್ಸ್ಟ್ ಸ್ಟೇಜ್ ಮಾತ್ರ ಇರಲಿಲ್ಲ.