ಚಟ್ನಿಯ ಮೇಲೆ ಫುಕಟ್ ಖಣ

ಮಾರುವುದು ಕಷ್ಟವಲ್ಲ, ಫುಕಟ್ ಕೊಡುವುದು ಕಷ್ಟ. ಇದನ್ನು ನಾನು ಒಂದೇ ಶ್ರಾವಣದಲ್ಲಿ ಕಲಿತೆ, ಮುದುಕಿಯಾದ ಮೇಲೆ. ಮಾರುವಾಗ ನಡುವೆ ತಕ್ಕಡಿ ಇರುತ್ತದೆ. ಮುಳ್ಳು ನೆಟ್ಟಗೆ ನಿಂತಿತು, ಕೊಟ್ಟೆ, ತಗೊಂಡರು, ಹೋದರು. ಫುಕಟ್ ಕೊಡುವಾಗ ತಕ್ಕಡಿ ಇರುವುದಿಲ್ಲ. ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ, ಯಾವ ಕೈಯಿಂದ ಕೊಟ್ಟೆ, ಕೊಡುವಾಗ ಮೋರೆ ಹೇಗಿತ್ತು, ಎಲ್ಲವನ್ನೂ ಜನ ತೂಗುತ್ತಾರೆ. ಅದಕ್ಕೇ ಈಗ ನಮ್ಮ ಅಂಗಡಿಯಲ್ಲಿ ಯಾವುದೂ ಫುಕಟ್ ಇಲ್ಲ. ಕೇಳಿದರೆ ನೀರು ಕೊಡುತ್ತೇನೆ.

ಸೊಲ್ಲಾಪುರದಲ್ಲಿ, ಅಕ್ಕಲಕೋಟೆ ರಸ್ತೆಯ ಕಡೆ ನಮ್ಮ ಮನೆ. ಮುಂದಿನ ಕೋಣೆಯೇ ಅಂಗಡಿ. ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಎರಡೇ ಮಾಲು. ಗಂಡ ಸತ್ತ ವರ್ಷ ಶುರು ಮಾಡಿದೆ. ಆತ ಇರುವಾಗಲೇ ಮಾಡಬೇಕೆಂದಿದ್ದೆ, ಬಿಡಲಿಲ್ಲ. ಒಳ್ಳೆಯ ಮನುಷ್ಯ, ಆದರೆ ನನ್ನ ಕೈಯಡುಗೆಗೆ ಊರಿನವರು ಬೆಲೆ ಕೇಳುವುದು ಅವನಿಗೆ ಸೇರುತ್ತಿರಲಿಲ್ಲ. ಕುಟ್ಟುವುದು, ಬಡಿಯುವುದು ಸೊಸೆ ಸುನಂದಾ. ದುಡ್ಡಿನ ಗಲ್ಲೆಯ ಮೇಲೆ ಕೂಡುವುದು ನಾನು. ಮಗ ಸರಕಾರಿ ಕಚೇರಿಯಲ್ಲಿ ಕಾರಕೂನ, ಚಟ್ನಿ ತಿನ್ನುವುದೊಂದು ಬಿಟ್ಟರೆ ಈ ಧಂದೆಯಲ್ಲಿ ಅವನ ಪಾಲಿಲ್ಲ.

ತೊಂಬತ್ತಾರೋ ತೊಂಬತ್ತೇಳೋ ಇರಬೇಕು, ಆಗ ಟೀವಿಯಲ್ಲಿ ಏನು ನೋಡಿದರೂ ಒಂದರ ಜೊತೆ ಇನ್ನೊಂದು ಫುಕಟ್. ಸಾಬೂನಿನ ಜೊತೆ ಡಬ್ಬಿ, ಚಹಾಪುಡಿಯ ಜೊತೆ ಬಟ್ಟಲು. ನಮ್ಮ ಎದುರಿಗೂ ಗಾಜಿನ ಕಪಾಟಿನ ಹೊಸ ಅಂಗಡಿಯೊಂದು ಬಂತು. ಕಿಲೋ ಚಟ್ನಿಗೆ ಒಂದು ಸ್ಟೀಲ್ ಚಮಚ. ಅವರ ಚಟ್ನಿ ತರಿಸಿ ಬಾಯಿಗೆ ಹಾಕಿ ನೋಡಿದೆ. ಬೆಳ್ಳುಳ್ಳಿ ಕಮ್ಮಿ, ಸಕ್ಕರೆ ಜಾಸ್ತಿ. ಆದರೂ ನಮ್ಮ ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿದರು. ಚಮಚವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನ್ನ ಕಣ್ಣಿಗೆ ಬೀಳದಂತೆ ಗೋಡೆ ಹಿಡಿದು ಹೋಗುತ್ತಿದ್ದರು. ದಿನಕ್ಕೆ ಎರಡು ಸಲ ಕುಟ್ಟುತ್ತಿದ್ದ ಸುನಂದಾ ಎರಡು ದಿನಕ್ಕೊಮ್ಮೆ ಕುಟ್ಟತೊಡಗಿದಳು.

“ಅತ್ತಿ, ನಾವೂ ಏನರ ಫುಕಟ್ ಇಡೂಣು,” ಅಂದಳು.

“ಏನ್ ಇಡ್ತಿ? ನನ್ನ ಇಡು.”

“ನಿಮ್ಮನ್ನ ಯಾರ್ ಒಯ್ತಾರ್ರಿ? ಖಣ ಇಡೂಣು. ಟ್ರಂಕಿನ ತುಂಬ ಬಿದ್ದಾವ.”

ಬಿದ್ದಿದ್ದವು, ನಿಜ. ನಮ್ಮ ಕಡೆ ಮದುವೆಗೆ ಹೋಗಲಿ, ಬಸುರಿಯ ಕುಬುಸಕ್ಕೆ ಹೋಗಲಿ, ಸುಮ್ಮನೆ ಮಾತಾಡಿಸಲು ಹೋಗಲಿ, ಮುತ್ತೈದೆಗೆ ಕುಂಕುಮ ಹಚ್ಚಿ, ಸೆರಗಿನ ಉಡಿಯಲ್ಲಿ ಅಕ್ಕಿ, ಅಡಿಕೆ, ಕೊಬ್ಬರಿ ಹಾಕಿ, ಮೇಲೊಂದು ಜಂಪರ್ ಖಣ, ಅಂದರೆ ರವಿಕೆಯ ತುಂಡು ಬಟ್ಟೆ, ಇಟ್ಟು ಕಳಿಸುತ್ತಾರೆ. ಆ ಖಣವನ್ನು ಯಾರೂ ಹೊಲಿಸುವುದಿಲ್ಲ. ತೋಳಿಗೆ ಸಾಲುವುದಿಲ್ಲ, ಇಲ್ಲವೇ ಬಣ್ಣ ಬಿಡುತ್ತದೆ. ಮಡಚಿ ಟ್ರಂಕಿನಲ್ಲಿಟ್ಟು ಮುಂದಿನ ಉಡಿಗೆ ದಾಟಿಸುತ್ತಾರೆ. ಮನುಷ್ಯರು ಸತ್ತದ್ದನ್ನು ಬಹಳ ನೋಡಿದ್ದೇನೆ, ಒಂದು ಖಣ ಸತ್ತದ್ದನ್ನು ನೋಡಿಲ್ಲ.

ಬೋರ್ಡ್ ಬರೆಯುವ ಕೆಲಸ ಬಂತು. ಸುನಂದಾ ಮರಾಠಿ ಸಾಲೆಯಲ್ಲಿ ಕಲಿತವಳು. ಮೇಲಿನ ಸಾಲನ್ನು ಮರಾಠಿಯಲ್ಲಿ ಸರಸರ ಬರೆದಳು. ಕೆಳಗೆ ಕನ್ನಡದಲ್ಲಿ ಬರೆಯಲು ಅವಳಿಗೆ ಬರುವುದಿಲ್ಲ. ನಾಗಣಸೂರಿನ ಸಾಲೆಯಲ್ಲಿ ಎರಡನೇ ಇಯತ್ತೆಯವರೆಗೆ ಕೂತ ನಾನೇ ಸುಣ್ಣದ ಕಡ್ಡಿ ಹಿಡಿದೆ. “ಒಂದು ಕಿಲೋ ಚಟ್ನಿ ತಗೊಂಡವರಿಗೆ ಒಂದು ಖಣ ಫುಕಟ್.” ಇಷ್ಟಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಎರಡು ಸಲ ಒರೆಸಿದೆ.

ಜನ ಬಂದರು. ಮೊದಲು ಬಂದವಳು ಮೈಂದರ್ಗಿಯ ಕಲ್ಲವ್ವ, ನನ್ನ ಹಳೆಯ ಗಿರಾಕಿ, ಚಮಚ ಮುಚ್ಚಿಕೊಂಡು ಹೋದವಳು. ಚಟ್ನಿ ತೂಗಿ ಖಣವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಕೈ ಮುಂದೆ ಮಾಡಲಿಲ್ಲ, ಸೆರಗು ಹಿಡಿದು ನಿಂತಳು.

“ಏನ ನೀಲವ್ವ, ಬೆಲ್ಲ ಕೊಟ್ಟಂಗ ಕೊಡ್ತಿ? ಖಣ ಅಂದ್ರ ಉಡಿಯಾಗ ಬೀಳಬೇಕು. ಸುನಂದಾನ್ನ ಕರಿ.”

ನೀನೇ ಉಡಿ ತುಂಬು ಎಂದು ನನಗೆ ಅನ್ನಲಿಲ್ಲ. ಅದರಲ್ಲಿ ಸಿಟ್ಟಾಗುವುದೂ ಇರಲಿಲ್ಲ, ವಿಧವೆ ಉಡಿ ತುಂಬುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸುನಂದಾ ಒಳಗಿನಿಂದ ಓಡಿ ಬಂದಳು. ಖಾರ ಕುಟ್ಟುತ್ತಿದ್ದ ಕೈ, ಅವಸರದಲ್ಲಿ ನೆಟ್ಟಗೆ ತೊಳೆದಿರಲಿಲ್ಲ. ಕುಂಕುಮ ಹಚ್ಚಿದ್ದೇ ಕಲ್ಲವ್ವನ ಹಣೆ ಉರಿದು, “ಅಯ್ಯ ಅಯ್ಯ, ನೀರ ತರ್ರಿ!” ಎಂದು ಕುಣಿದಳು. ಅಂದಿನಿಂದ ಬಂದವರೆಲ್ಲ ಸೆರಗು ಹಿಡಿದೇ ನಿಂತರು. ಒಬ್ಬೊಬ್ಬರಿಗೂ ಕುಂಕುಮ, ಅಕ್ಕಿ, ಅಡಿಕೆ, ಕೊಬ್ಬರಿ. ಸುನಂದಾ ಹೊರಗೆ ಉಡಿ ತುಂಬುವಾಗ ನಾನು ಒಳಗೆ ಹೋಗಿ ರೊಟ್ಟಿ ತಿರುವುತ್ತಿದ್ದೆ. ಒಳಗೆ ಹೋಗು ಎಂದು ಯಾರೂ ಹೇಳಿದ್ದಿಲ್ಲ. ಹದಿನಾಲ್ಕು ವರ್ಷದ ರೂಢಿ, ಕಾಲುಗಳೇ ಹೋಗುತ್ತಿದ್ದವು. ಒಬ್ಬಾಕೆ ತನ್ನ ಉಡಿಗೆ ಬಿದ್ದದ್ದನ್ನು ಬೆಳಕಿಗೆ ಹಿಡಿದು, “ಇದು ನಾನ ನಿನಗ ಕುಬುಸದಾಗ ಕೊಟ್ಟಿದ್ದಲ್ಲೇನ ಸುನಂದಾ?” ಎಂದು ಕೇಳಿದ್ದು ಒಳಗಿದ್ದ ನನಗೂ ಕೇಳಿಸಿತು. ರೊಟ್ಟಿ ಹೊತ್ತಿಸಿದೆ.

ಒಂದು ಶನಿವಾರ ಶಾಂತಾಬಾಯಿ ಬಂದರು. ಅಕ್ಕಲಕೋಟೆಯಲ್ಲಿ ಕನ್ನಡ ಸಾಲೆಯ ಮಾಸ್ತರಬಾಯಿ. ತಿಂಗಳಿಗೊಮ್ಮೆ ಅರ್ಧ ದಿನದ ಸಾಲೆ ಮುಗಿಸಿ ಬಸ್ಸಿಗೆ ಬಂದು ಎರಡು ಕಿಲೋ ಚಟ್ನಿ ಒಯ್ಯುವವರು. ಎದುರಿನವರ ಚಮಚಕ್ಕೆ ರಸ್ತೆ ದಾಟದ ಗಿರಾಕಿ ಅಂದರೆ ಅವರೊಬ್ಬರೇ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದು ಕಲ್ಲವ್ವನೂ ಸೇರಿ ಆರು ಮಂದಿ ಹೆಂಗಸರು ಮುಂದಿದ್ದರು, ಶಾಂತಾಬಾಯಿ ಕೊನೆಗೆ ನಿಂತರು. ಅವರ ಸರದಿ ಬಂತು. ನಾನು ಎರಡು ಕಿಲೋ ತೂಗಿದೆ. ಸುನಂದಾ ಕುಂಕುಮದ ಬಟ್ಟಲು ಎತ್ತಿದವಳು ಮುಖ ನೋಡಿ ಕೆಳಗಿಟ್ಟಳು. ಕೆಟ್ಟವಳಲ್ಲ, ಗಾಬರಿಯಾದಳು. ಒಳಗಿನಿಂದ ಹೊಸದೊಂದು ಟಾವೆಲ್ ತಂದಳು.

“ಬಾಯಿ, ನೀವು ಇದನ್ನ ಒಯ್ರಿ. ಚಲೋ ಐತಿ, ದೊಡ್ಡದೈತಿ.”

“ಟಾವೆಲ್ ಅಂತ ಎಲ್ಲಿ ಬರದೀರಿ?” ಅಂದರು ಶಾಂತಾಬಾಯಿ. ದನಿ ಏರಿಸಲಿಲ್ಲ. “ಎರಡು ಕಿಲೋ ತಗೊಂಡೀನಿ. ಎರಡು ಖಣ ಆಗ್ತಾವ. ತಗೊಂಡವರಿಗೆ ಅಂತ ಐತಿ, ಗಂಡ ಇದ್ದವರಿಗೆ ಅಂತ ಇಲ್ಲ.”

ಉಡಿ ಕಟ್ಟಿಕೊಂಡ ಆರು ಮಂದಿಯೂ ಹೋಗದೆ ನಿಂತರು. ಕಲ್ಲವ್ವ ನಡುವೆ ಬಂದಳು. “ಬಾಯಿ, ನೀವು ಕಲತವ್ರು, ನಿಮಗ ನಾವು ಹೇಳೂದೇನು? ಖಣ ಒಯ್ದು ಏನ್ ಮಾಡ್ತೀರಿ?”

“ಜಂಪರ್ ಹೊಲಸ್ತೀನಿ. ನೀವು ಏನ್ ಮಾಡ್ತೀರಿ?”

ಒಬ್ಬಿಬ್ಬರು ನಕ್ಕರು. ಕಲ್ಲವ್ವನ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, “ನೋಡ ನೀಲವ್ವ, ಅದ ಗಂಟಿನಾಗಿಂದು ಆಕಿಗೂ, ಅದ ಗಂಟಿನಾಗಿಂದು ನಮ್ಮ ಉಡಿಗೂ ಅಂದ್ರ ನಡ್ಯಂಗಿಲ್ಲ. ನಾವು ಆರೂ ಮಂದಿ ಚಮಚದ ಕಡೇನ ಹೋಗ್ತೀವಿ,” ಅಂದಳು.

“ಹೋಗ್ರಿ,” ಅಂದೆ. “ಅಲ್ಲಿ ಬೆಳ್ಳುಳ್ಳಿ ಕಮ್ಮಿ ಐತಿ, ಬಾಯಿ ವಾಸನಿ ಬರಂಗಿಲ್ಲ.”

ಟ್ರಂಕನ್ನು ಹೊರಗೆ ಎಳೆದು ಬಾಯಿಯವರ ಮುಂದೆ ತೆರೆದಿಟ್ಟೆ. ನನ್ನದು ದೊಡ್ಡ ಮನಸ್ಸೆಂದು ಯಾರೂ ತಿಳಿಯಬೇಡಿ. ಒಂದು ಇಡೀ ಮಧ್ಯಾಹ್ನ ಕೂತು ಆ ಸಾಲು ಬರೆದಿದ್ದೆ. ಬಂದವರೆಲ್ಲ ಒಬ್ಬರಿಂದ ಒಬ್ಬರು ಕೇಳಿ ಬಂದವರೇ ಹೊರತು ಓದಿದವರು ಯಾರೂ ಇರಲಿಲ್ಲ. ಓದಿದವರು ಒಬ್ಬರು ಬಂದರೆ ಅವರಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಅಷ್ಟೇ. ಶಾಂತಾಬಾಯಿ ಅವಸರ ಮಾಡಲಿಲ್ಲ. ಒಂದೊಂದನ್ನೂ ಬಿಚ್ಚಿ, ಬೆರಳು ಒದ್ದೆ ಮಾಡಿ ತಿಕ್ಕಿ, ಬಣ್ಣ ಬಿಟ್ಟದ್ದನ್ನು ತೆಗೆದಿಟ್ಟರು. ಹಸಿರು ಒಂದು, ಕೆಂಪು ಅಂಚಿನ ಹಳದಿ ಒಂದು ಆರಿಸಿದರು. “ಬಸ್ಸಿಗೆ ಹೊತ್ತಾತು,” ಎಂದು ಚೀಲಕ್ಕೆ ಹಾಕಿಕೊಂಡು ಹೋದರು. ನನಗೆ ಒಂದು ಉಪಕಾರದ ಮಾತೂ ಹೇಳಲಿಲ್ಲ. ಹೇಳುವುದು ಏನಿತ್ತು, ಅವರದನ್ನು ಅವರು ಒಯ್ದರು.

ಆರು ಮಂದಿಯಲ್ಲಿ ಇಬ್ಬರು ತಮ್ಮ ಖಣವನ್ನು ಗಲ್ಲೆಯ ಮೇಲಿಟ್ಟು ಹೊರಟುಹೋದರು. ಅಕ್ಕಿ, ಕೊಬ್ಬರಿ ಇಡಲಿಲ್ಲ. ಮುಂದಿನ ತಿಂಗಳು ಕಲ್ಲವ್ವ ತಾನೇ ಬಂದು, ಎದುರಿನವರ ಚಮಚ ರೊಟ್ಟಿ ಮುರಿಯುವಾಗಲೇ ಬಾಗಿತು ಎಂದು ಬೈದು, ಒಂದು ಕಿಲೋ ಒಯ್ದಳು. ಅಷ್ಟರಲ್ಲಿ ನಾನು ಬೋರ್ಡ್ ಒರೆಸಿ ಒಲೆಯ ಹಿಂದೆ ಇಟ್ಟಿದ್ದೆ.

ಒರೆಸುವ ದಿನ ಟ್ರಂಕಿನ ತಳದಲ್ಲಿ ಒಂದೇ ಖಣ ಉಳಿದಿತ್ತು. ನೇರಳೆ ಬಣ್ಣ, ಸಣ್ಣ ಜರಿ ಅಂಚು. ತಕ್ಕಡಿಯಲ್ಲಿ ಒಂದು ಕಿಲೋ ಚಟ್ನಿ ಹಾಕಿ ಸುನಂದಾಳಿಗೆ, “ಇದು ನಾ ತಗೊಂಡೀನಿ,” ಅಂದೆ. ಅವಳು ನನ್ನನ್ನೂ ಬೋರ್ಡನ್ನೂ ನೋಡಿ, ನಗದೆ, ಖಣ ತೆಗೆದು ಕೈಗೆ ಕೊಟ್ಟಳು. ಎರಡು ಓಣಿ ಆಚೆ ಇರುವ ದರ್ಜಿಯ ಕಡೆ ಒಯ್ದೆ. ಆತ ಬಟ್ಟೆ ಹರವಿ, “ಅಂಚು ಚಂದ ಐತಿ. ಯಾರಿಗ್ರಿ ಆಯಿ?” ಎಂದು ಕೇಳಿದ. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಪರಿಚಯದವರೂ ಅಲ್ಲ. ಆರು ಮಂದಿಗೆ ಹೋಗ್ರಿ ಅಂದ ನನ್ನ ಬಾಯಿ ಇದೇ.

“ಸೊಸಿಗೆ,” ಅಂದೆ.

ಅವಳ ಅಳತೆ ಆತನ ವಹಿಯಲ್ಲಿತ್ತು. ನಾಲ್ಕು ದಿನಕ್ಕೆ ಜಂಪರ್ ಮನೆಗೆ ಬಂತು. ಸುನಂದಾ ಬಿಚ್ಚಿ ನೋಡಿ, “ಅತ್ತಿ, ಇದು ನೀವು ನಿಮಗಂತ ಒಯ್ದಿದ್ದಲ್ಲೇನ್ರಿ? ನನ್ನ ಅಳತಿಗೆ ಹೊಲದಾನಲ್ಲ!” ಅಂದಳು.

“ಕಿವಿ ಎಲ್ಲಿಟ್ಟಿದ್ದನೋ ಏನೋ,” ಅಂದೆ.

ಅವತ್ತಿನಿಂದ ಅವಳು ಆ ದರ್ಜಿಯ ಕಡೆ ಬಟ್ಟೆ ಕೊಡುವುದನ್ನು ಬಿಟ್ಟಿದ್ದಾಳೆ, ಓಣಿಯ ನಾಲ್ಕು ಮಂದಿಗೂ ಕೊಡಬೇಡಿರೆಂದು ಹೇಳಿದ್ದಾಳೆ. ನಾನು ಇನ್ನೂ ಏನೂ ಹೇಳಿಲ್ಲ.